ಎರಡು ಮನೆಯ ಒಂದು ತಂತಿ

ನಮ್ಮ ಮನೆಗೂ ಹಜಿರಾ ಬೀಯ ಮನೆಗೂ ನಡುವೆ ಒಂದೇ ಗೋಡೆ. ಅಡುಗೆಮನೆಯ ಕಡೆ ಆ ಗೋಡೆಯಲ್ಲಿ ಒಂದು ಕಂಡಿ ಇದೆ, ಒಂದು ಬಟ್ಟಲು ಹಾಯುವಷ್ಟು. ಯಾರು ಕೊರೆದರೋ ಗೊತ್ತಿಲ್ಲ. ನಾನು ಸೊಸೆಯಾಗಿ ಹುಮನಾಬಾದಿಗೆ ಬಂದಾಗಲೇ ಇತ್ತು. ನಮ್ಮ ಪುಂಡಿಪಲ್ಯ ಅದರಲ್ಲೇ ಆ ಕಡೆ ಹೋಗಿದೆ, ಅವರ ಶೀರ್ ಖುರ್ಮಾ ಅದರಲ್ಲೇ ಈ ಕಡೆ ಬಂದಿದೆ. ಕೂಸುಗಳಿಗೆ ಜ್ವರ ಬಂದಾಗ ಮದ್ದಿನ ಬಾಟಲಿ, ಜಗಳವಾದಾಗ ಬೈಗುಳ, ಎಲ್ಲವೂ ಅದರಲ್ಲೇ.

ಹೋದ ಮಳೆಗಾಲದಲ್ಲಿ ಗಟಾರು ಅಗೆಯುವವರು ಹಜಿರಾಳ ಮನೆಯ ಟಿವಿ ತಂತಿಯನ್ನು ಹರಿದುಹಾಕಿದರು. ನನ್ನ ಮಗ ಅಜೀತ ಪೇಟೆಯಿಂದ ಅಂಗೈಯಷ್ಟು ಅಗಲದ ಒಂದು ಡಬ್ಬಿ ತಂದು, ನಮ್ಮ ಮನೆಗೆ ಬರುವ ತಂತಿಯನ್ನು ಅದಕ್ಕೆ ಚುಚ್ಚಿ, ಅದರಿಂದ ಎರಡು ಕವಲು ತೆಗೆದ. ಒಂದು ನಮ್ಮ ಟಿವಿಗೆ. ಇನ್ನೊಂದು ಆ ಕಂಡಿಯಲ್ಲಿ ಹಾದು ಹಜಿರಾಳ ಟಿವಿಗೆ. ಕೇಬಲ್ಲಿನವರಿಗೆ ಇದನ್ನು ಹೇಳಬೇಕೆಂದು ನಮಗೆ ಯಾರಿಗೂ ಹೊಳೆಯಲಿಲ್ಲ. ಪಕ್ಕದ ಮನೆಗೆ ಪಲ್ಯ ಕೊಟ್ಟಿದ್ದನ್ನು ಯಾರಿಗೆ ಹೇಳುತ್ತೇವೆ?

ಜೈಭೀಮ ಮಾಸ್ತರು ತೀರಿಕೊಂಡ ಸುದ್ದಿ ಬಸವಕಲ್ಯಾಣದಿಂದ ಬೆಳಗಿನ ಚಹಾದ ಹೊತ್ತಿಗೆ ಬಂತು. ನಾನು ಅದನ್ನು ಕಂಡಿಯಲ್ಲಿ ಹೇಳಲಿಲ್ಲ. ಸೆರಗು ಹೊದ್ದುಕೊಂಡು, ಬೀದಿಯಿಂದ ಸುತ್ತು ಬಂದು, ಹಜಿರಾಳ ಹಾಸಿಗೆಯ ಪಕ್ಕ ಕೂತು ಹೇಳಿದೆ. ಅವಳು ಸೊಂಟದ ಎಲುಬು ಮುರಿದು ಮಲಗಿದ್ದಳು.

ಮಾಸ್ತರು ಒಂದು ಕಾಲಕ್ಕೆ ಬಸವಕಲ್ಯಾಣದಿಂದ ಬಸ್ಸು ಹತ್ತಿ ಬಂದು, ನಮ್ಮ ಓಣಿಯ ಹತ್ತಿಯ ಗೋದಾಮಿನಲ್ಲಿ ಹೆಂಗಸರಿಗೆ ರಾತ್ರಿ ಶಾಲೆ ನಡೆಸಿದವರು. ಹಗಲೆಲ್ಲ ಹೊಲದಲ್ಲಿ ಬಗ್ಗಿದ ನಾನು, ಹಗಲೆಲ್ಲ ಅತ್ತರು ಮಾರುವ ಗಂಡನ ಬಾಟಲಿ ತೊಳೆದ ಅವಳು, ಇಬ್ಬರ ನಡುವೆ ಒಂದು ಪಾಟಿ. ಪಾಟಿಯ ಈ ಅರ್ಧದಲ್ಲಿ ನಾನು ಬರೆದರೆ ಆ ಅರ್ಧದಲ್ಲಿ ಅವಳು. ನಮಗೆ ಆಗಲೇ ಮಕ್ಕಳಿದ್ದರು. ಮಕ್ಕಳ ತಾಯಂದಿರು ಅಕ್ಷರ ತಿದ್ದುವುದನ್ನು ಕಂಡು ಓಣಿ ನಕ್ಕಿತ್ತು. ಮಾಸ್ತರು ನಗಲಿಲ್ಲ.

"ಮೈಯತ್ ಎತ್ತೂದು ಎಷ್ಟೊತ್ತಿಗಿ?" ಹಜಿರಾ ಕೇಳಿದಳು.

"ಇಳಿಹೊತ್ತಿಗಂತ. ಬುದ್ಧ ವಿಹಾರದ ಅಂಗಳದಾಗ ಇಟ್ಟಾರ. ಜನ ಭಾಳ ಬರಾಕತ್ತಾರ."

"ನೀ ಹೋಗು ಶೇವಂತಾ. ನನ್ನ ಸಲುವಾಗಿ ನಿಂದ್ರಬ್ಯಾಡ."

"ನಮ್ಮಿಬ್ಬರದೂ ಒಂದ ಪಾಟಿ ಇತ್ತಲ್ಲ. ಅರ್ಧಾ ಪಾಟಿ ಹೋಗಿ ಏನ್ ಮಾಡೂದು?"

ಅವಳು ಗೋಡೆಯ ಕಡೆ ಮುಖ ತಿರುಗಿಸಿದಳು. ಆಮೇಲೆ ಸೊಸೆ ಮೀನಾಜಳನ್ನು ಕರೆದು, ಕಪಾಟಿನ ಮೇಲಿನ ಖಾನೆಯಿಂದ ಒಂದು ಸಣ್ಣ ಶೀಶೆ ತೆಗೆಸಿದಳು. ಖಸ್ ಅತ್ತರು, ಲಾವಂಚದ್ದು. ಗಂಡ ತೀರಿದ ಮೇಲೆ ಅವನ ಪೆಟ್ಟಿಗೆಯಲ್ಲಿ ಉಳಿದದ್ದು ಅದೊಂದೇ. ರಾತ್ರಿ ಶಾಲೆಗೆ ಅವಳು ಬಂದರೆ ಆ ವಾಸನೆ ಮೊದಲು ಬರುತ್ತಿತ್ತು. "ಹಜಿರಾ ಬೀ ಹಾಜರ್," ಎಂದು ಮಾಸ್ತರು ತಲೆ ಎತ್ತದೆಯೇ ಹೇಳುತ್ತಿದ್ದರು.

ಬಸವಕಲ್ಯಾಣಕ್ಕೆ ಹೊರಟು ನಿಂತಿದ್ದ ಅಜೀತನ ಕೈಗೆ ಶೀಶೆ ಕೊಟ್ಟು ಹೇಳಿದಳು, "ಮಾಸ್ತರ ಮ್ಯಾಲಿನ ಬಿಳಿ ಅರಿವಿಗೆ ಹಚ್ಚು ಬೇಟಾ. ಟಿವಿಯವರು ತೋರಸ್ತಾರಂತ. ಕ್ಯಾಮರಾಕ್ಕ ಬೆನ್ನ ಕೊಟ್ಟು ನಿಂದ್ರಬ್ಯಾಡ. ನಿನ್ನ ಬೆನ್ನ ನೀ ಹುಟ್ಟಿದಾಗಿಂದ ನೋಡೀನಿ. ನನಗ ಅವರ ಮುಖ ಬೇಕು."

"ಆತು ಖಾಲಾ," ಎಂದ ಅಜೀತ. ಶೀಶೆಯನ್ನು ಕರವಸ್ತ್ರದಲ್ಲಿ ಸುತ್ತಿ ಅಂಗಿಯ ಒಳಜೇಬಿನಲ್ಲಿ ಇಟ್ಟುಕೊಂಡ.

ನಮ್ಮ ಕಡೆಯ ಕೇಬಲ್ಲಿನವರಿಗೆ ಊರ ಚಾನೆಲ್ ಒಂದಿದೆ. ಬಸವಕಲ್ಯಾಣದಲ್ಲಿ ಕ್ಯಾಮರಾದಲ್ಲಿ ಹಿಡಿದದ್ದನ್ನು ಅಲ್ಲಿಂದಲೇ ಬಿಡುತ್ತಾರೆ, ಹುಮನಾಬಾದಿನ ಮನೆಗಳಲ್ಲಿ ಆ ಕ್ಷಣಕ್ಕೇ ಕಾಣುತ್ತದೆ. ಮಾಸ್ತರ ಅಂತಿಮ ದರ್ಶನವನ್ನು ಮಣ್ಣಾಗುವ ತನಕ ತೋರಿಸುತ್ತೇವೆ ಎಂದು ಬೆಳಿಗ್ಗೆಯೇ ಪಟ್ಟಿ ಓಡಿಸಿದ್ದರು. ಮೀನಾಜ ಮೊದಲು ಫೋನಿನಲ್ಲಿ ಅಜೀತನಿಗೆ ವಿಡಿಯೋ ಹಚ್ಚಿ ನೋಡಿದಳು. ಹಜಿರಾಳ ಪೊರೆ ಬಂದ ಕಣ್ಣಿಗೆ ಆ ಅಂಗೈಯಷ್ಟರಲ್ಲಿ ಏನೂ ಕಾಣಲಿಲ್ಲ.

"ಅಮ್ಮಿ, ಅಜೀತ ಭಾಯಿ ಎಲ್ಲಾ ಫೋನಿನ್ಯಾಗ ತುಂಬಕೊಂಡು ಬರ್ತಾರ. ನಾಳಿ ದೊಡ್ಡ ಟಿವಿಗೆ ಹಾಕಿ ಸಾವಕಾಶ ನೋಡೀರಂತ," ಎಂದಳು ಮೀನಾಜ.

"ನಾಳಿ ನೋಡೂದು ಫೋಟೋ ನೋಡಿದಂಗ," ಎಂದಳು ಹಜಿರಾ. "ಅವರು ಮಣ್ಣಿನ ಮ್ಯಾಲ ಇರೂ ತನಕ ನನ್ನ ಸಲಾಮ್ ಅವರ ಮುಖಕ್ಕ ಮುಟ್ಟಬೇಕು. ಆಮ್ಯಾಲ ಯಾರಿಗೆ ಮಾಡಲಿ?"

ಹಾಸಿಗೆಯನ್ನು ಟಿವಿಗೆ ಎದುರಾಗಿ ಎಳೆದು, ಬೆನ್ನಿಗೆ ದಿಂಬು ಕೊಟ್ಟು ಅವಳನ್ನು ಒರಗಿಸಿದೆವು.

ವಿಹಾರದ ಅಂಗಳ ಕಂಡಿತು. ಬಿಳಿ ಅರಿವೆಯ ಕೆಳಗೆ ಮಾಸ್ತರು ಬಹಳ ಸಣ್ಣವರಾಗಿ ಕಂಡರು. ಮುಡಬಿ, ನಿರ್ಣಾ ಎಲ್ಲ ಕಡೆಯಿಂದ ಜನ. ಬಿಳಿ ಸೀರೆಯ ಹೆಂಗಸರು ಸಾಲಾಗಿ ಬಂದು ಹೂವಿಟ್ಟು ಹೋಗುತ್ತಿದ್ದರು. ಅಷ್ಟರಲ್ಲಿ ಚಿತ್ರ ನಿಂತೇಬಿಟ್ಟಿತು. ಒಬ್ಬ ಮುದುಕನ ಕೈ ಹೂವಿನ ಸಮೇತ ಗಾಳಿಯಲ್ಲೇ ಉಳಿಯಿತು. ಆಮೇಲೆ ಕಪ್ಪು. ಸಿಗ್ನಲ್ ಇಲ್ಲ ಎಂಬ ಬರಹ.

ಮೀನಾಜ ಬೇರೆ ಚಾನೆಲ್ ಹಾಕಿದಳು. ಅಲ್ಲಿ ಅಡುಗೆ ಮಾಡುವವರೂ ಕುಣಿಯುವವರೂ ಇದ್ದರು, ಅವರಿಗೇನೂ ಆಗಿರಲಿಲ್ಲ. ಊರ ಚಾನೆಲ್ ಒಂದೇ ಇಲ್ಲ. ಸ್ವಲ್ಪ ಹೊತ್ತು ಕಾದರೆ ಯಾರೂ ಮುಟ್ಟದೆಯೇ ತಾನಾಗಿ ಬಂತು. ನಿಟ್ಟುಸಿರು ಬಿಟ್ಟೆವು. ಒಂದಿಷ್ಟು ಹೊತ್ತು ಚೆನ್ನಾಗಿ ನಡೆದು ಮತ್ತೆ ಹೋಯಿತು. ಮತ್ತೆ ಬಂತು.

ಮೀನಾಜ ಕಂಡಿಗೆ ಬಾಯಿ ಕೊಟ್ಟಳು. "ಪೂನಂ ಭಾಭಿ, ತಂತಿಗಿ ಕೈ ಹಚ್ಚಿರೇನು?"

"ಇಲ್ರೀ," ಎಂದು ಆ ಕಡೆಯಿಂದ ನನ್ನ ಸೊಸೆ ಪೂನಂ. "ನಾ ಯಾಕ ಹಚ್ಚಲಿ?"

"ಮತ್ತ ನಿಮ್ಮನ್ಯಾಗ ಬರಾಕತ್ತದೇನು?"

"ನಮ್ಮಲ್ಲಿ ಬರ್ತದ. ಹಚ್ಚಿದ್ರ ಬರ್ತದ."

ಇನ್ನೊಂದು ಸಲ ಹೋದಾಗ ಮೀನಾಜಳ ದನಿ ಬದಲಾಗಿತ್ತು. "ನಿಮ್ಮನ್ಯಾಗ ಇರ್ತದ, ನಮ್ಮನ್ಯಾಗಷ್ಟ ಹೋಗ್ತದ ಅಂದ್ರ ಹ್ಯಾಂಗ್ರಿ ಭಾಭಿ? ಕೊಡೂ ಮನಸಿಲ್ಲಂದ್ರ ಹೇಳಿಬಿಡ್ರಿ."

"ಸತ್ತ ದಿನ ಇಂಥಾ ಮಾತೇನ್ರಿ ಮೀನಾಜ! ನಿಮ್ಮ ತಂತಿ ಕಿತ್ತು ನಾ ಏನ್ ಕಟಗೋಬೇಕು?"

ಆ ಕಂಡಿಯಲ್ಲಿ ಅಂಥ ಮಾತು ಹಾದು ಬಹಳ ವರ್ಷವಾಗಿತ್ತು. ಹಜಿರಾ ಕಣ್ಣು ಮುಚ್ಚಿಕೊಂಡಿದ್ದಳು. "ಸಾಕು ಬಿಡು ಮೀನಾಜ, ನಸೀಬ್ನ್ಯಾಗ ಇಲ್ಲ," ಎಂದಳು. ಆದರೆ ಅವಳ ಕೈ ಚಾದರದ ಅಂಚನ್ನು ಬಿಡದೆ ಹಿಡಿದಿತ್ತು.

ಮೀನಾಜ ಕೇಬಲ್ ಆಫೀಸಿಗೆ ಫೋನ್ ಮಾಡಿದಳು. ಆಮ್ರಪಾಲಿ ಎಂಬ ಹುಡುಗಿ ಸ್ಕೂಟಿಯ ಮೇಲೆ ಬಂದಳು. ಅವಳಿಗೂ ಬಸವಕಲ್ಯಾಣಕ್ಕೆ ಹೋಗುವುದಿತ್ತಂತೆ. ಹುಮನಾಬಾದಿನಲ್ಲಿ ಯಾರಾದರೂ ಇರಬೇಕೆಂದು ಆಫೀಸಿನವರು ಅವಳನ್ನು ಬಿಟ್ಟು ಹೋಗಿದ್ದರು. ಹಜಿರಾಳ ಟಿವಿಯ ಕೆಳಗಿನ ಸೆಟ್‌ಟಾಪ್ ಡಬ್ಬಿ ನೋಡಿದಳು. ಸರಿ ಇದೆ ಎಂದಳು. ಡಬ್ಬಿಯ ಹಿಂದಿನ ತಂತಿಯನ್ನು ಬೆರಳಲ್ಲಿ ಹಿಡಿದು ಗೋಡೆಗುಂಟ ನಡೆದಳು, ಅಡುಗೆಮನೆಗೆ ಬಂದಳು, ಕಂಡಿಯ ಮುಂದೆ ನಿಂತಳು.

"ಈ ತಂತಿ ಎಲ್ಲಿಂದ ಬಂತ್ರಿ?"

"ನಮ್ಮ ಮನಿಯಿಂದ," ಎಂದೆ ನಾನು.

ಅವಳು ನನ್ನ ಮುಖ ನೋಡಿದಳು, ಮೀನಾಜಳ ಮುಖ ನೋಡಿದಳು. "ನಡ್ರಿ ಆಯಿ, ನಿಮ್ಮನ್ಯಾಗ ತೋರಸ್ರಿ," ಎಂದಳು.

ನಮ್ಮ ಮನೆಯಲ್ಲಿ ಪೂನಂ ಕಣ್ಣು ಕೆಂಪಗೆ ಮಾಡಿಕೊಂಡು ಕೂತಿದ್ದಳು. ನನ್ನ ಮೈದುನ ತುಳಜಾರಾಮ ರಿಮೋಟು ತೊಡೆಯ ಮೇಲಿಟ್ಟುಕೊಂಡು ಖುರ್ಚಿಯಲ್ಲಿದ್ದ. ಅವನು ಓಣಿಗೆ ಹಿರಿಯ. ಸತ್ತವರಿಗೆ ಮಣ್ಣಾಗುವ ತನಕ ನಮ್ಮಲ್ಲಿ ಒಲೆ ಹೊತ್ತಿಸುವುದಿಲ್ಲ, ಟಿವಿ ಹಚ್ಚುವುದಿಲ್ಲ. ಆ ರೀತಿಯನ್ನು ಅವನಷ್ಟು ಬಿಗಿಯಾಗಿ ಹಿಡಿದವರು ಇನ್ನೊಬ್ಬರಿಲ್ಲ. ಮಾಸ್ತರ ದರ್ಶನ ಟಿವಿಯಲ್ಲೇ ಬರುತ್ತದೆ ಎಂದಾಗ ಅವನಿಗೆ ಏನು ಮಾಡಬೇಕೋ ತಿಳಿದಿರಲಿಲ್ಲ. ಹಚ್ಚಿ ಕೈಮುಗಿಯುವನು, ಕೆಂಪು ಗುಂಡಿ ಒತ್ತಿ ಬಂದ್ ಮಾಡುವನು. ಗಂಡ ಅಜೀತ ಕಾಣಬಹುದೇನೋ ಎಂದು ಪೂನಂ ಹಚ್ಚುವಳು. ಓಣಿಯವರು ಯಾರಾದರೂ ಒಳಗೆ ಬಂದರೆ ಇವನು ಮತ್ತೆ ಬಂದ್ ಮಾಡುವನು.

ಆಮ್ರಪಾಲಿ ಅಜೀತ ತಂದ ಚಿಕ್ಕ ಡಬ್ಬಿಯನ್ನೂ ಎರಡು ಕವಲನ್ನೂ ನೋಡಿದಳು. ನಮ್ಮ ಟಿವಿಯಲ್ಲಿ ಆಗ ವಿಹಾರದ ಅಂಗಳ ಕಾಣುತ್ತಿತ್ತು.

"ಕಾಕಾ, ಜರಾ ಬಂದ್ ಮಾಡ್ರಿ," ಎಂದಳು.

ತುಳಜಾರಾಮ ಒತ್ತಿದ. ನಮ್ಮ ಟಿವಿ ಕಪ್ಪಾಯಿತು. ಅದರ ಬೆನ್ನಿಗೇ ಕಂಡಿಯಿಂದ ಮೀನಾಜಳ ಕೂಗು ಬಂತು. "ಹೋತು! ಮತ್ತ ಹೋತು!"

ತುಳಜಾರಾಮ ರಿಮೋಟನ್ನು ಕೈಯಲ್ಲಿ ಹಾವು ಹಿಡಿದವನಂತೆ ಹಿಡಿದಿದ್ದ.

"ನಾ ನಮ್ಮದು ಬಂದ್ ಮಾಡೀನವಾ. ಹಜಿರಾ ಆಪಾನ ಟಿವಿ ಯಾಕ ಹೋಗಬೇಕು?"

ಆಮ್ರಪಾಲಿ ನೆಲದ ಮೇಲೆ ಕೂತಳು. "ನೋಡ್ರಿ ಕಾಕಾ. ಬಸವಕಲ್ಯಾಣದಿಂದ ಈ ಚಿತ್ರ ಮನಿಗೊಂದರಂಗ ಬರೂದಿಲ್ಲ. ಎಷ್ಟ ಮಂದಿ ನೋಡಿದ್ರೂ ಒಂದ ಬರ್ತದ. ನಿಮ್ಮ ಓಣಿ ಕಂಬದ ಮ್ಯಾಲಿನ ಪೆಟಗಿಯೊಳಗ ನಮ್ಮ ಸ್ವಿಚ್ ಅದ, ದೀಪದ ಸ್ವಿಚ್ ಅಲ್ರಿ, ತಂತಿಗೋಳು ಕೂಡೂ ಡಬ್ಬಿ. ಅದು ಕಿವಿ ಕೊಟ್ಟು ಕುಂತಿರ್ತದ. ಯಾವ ತಂತಿಯಿಂದ 'ನನಗ ಈ ಚಾನೆಲ್ ಬೇಕು' ಅಂತ ಮಾತ ಬರ್ತದ, ಆ ತಂತಿಗಷ್ಟ ಒಂದ ನಕಲು ಮಾಡಿ ಬಿಡ್ತದ. ಬ್ಯಾಡ ಅಂದ್ರ ನಿಲ್ಲಸ್ತದ. ಇಲ್ಲಾಂದ್ರ ಎಲ್ಲಾ ಚಾನೆಲ್ಲೂ ಎಲ್ಲಾ ಮನಿಗಿ ನುಗ್ಗಿ ತಂತಿ ಕಟಗೊಂಡ ಬಿಡ್ತದ. ಮಲ್ಟಿಕಾಸ್ಟ್ ಅಂತೀವಿ ಇದಕ್ಕ."

"ಆತು. ನಾ ಬ್ಯಾಡ ಅಂದೆ. ಆಪಾ ಬ್ಯಾಡ ಅಂದಿಲ್ಲಲ್ಲ?"

"ಅದಕ್ಕ ತಂತಿ ಗೊತ್ತು ಕಾಕಾ, ಮನಿ ಗೊತ್ತಿಲ್ಲ. ಒಂದ ತಂತಿ ಅಂದ್ರ ಒಂದ ಮನಿ ಅಂತ ನಾವು ಅದಕ್ಕ ಹೇಳಿಟ್ಟೀವಿ. ನೀವು ಗುಂಡಿ ಒತ್ತಿದ ಕೂಡ್ಲೆ ನಿಮ್ಮ ಟಿವಿ ಕೆಳಗಿನ ಡಬ್ಬಿ 'ನನಗ ಸಾಕು' ಅಂತ ಹೇಳ್ತದ. ಅಷ್ಟ ಕೇಳಿ ಅದು ಆ ತಂತಿಗಿ ಈ ಚಾನೆಲ್ ಕಡೀತದ. ಅದ ತಂತಿಯ ಹಿಂದ ಇನ್ನೊಬ್ಬರು ಕುಂತಾರ ಅಂತ ಅದಕ್ಕೇನು ಗೊತ್ತು?"

"ಮತ್ತ ತಾನ ಹ್ಯಾಂಗ ತಿರುಗಿ ಬರ್ತದ ಮಗಳ?" ಎಂದು ಕೇಳಿದೆ.

"ಆಗಾಗ ಎಲ್ಲಾ ತಂತಿಗೂ ಕೂಗಿ ಕೇಳ್ತದ ಆಯಿ, ಯಾರ್ಯಾರು ಏನೇನು ನೋಡಾಕತ್ತೀರಿ ಅಂತ. ಆವಾಗ ಹಜಿರಾ ಆಯಿ ಡಬ್ಬಿ ಕೈ ಎತ್ತಿ 'ನಾ ಇದ್ದೀನಿ' ಅಂತದ. ಮತ್ತ ಕೊಡ್ತದ."

"ಕಡಿಯೂಕಿನ ಮೊದಲ ಕೇಳಬಾರದೇನು? ಒಬ್ಬರು ಎದ್ದ ಹೋದ್ರು, ಇನ್ಯಾರರೆ ಇದ್ದೀರೇನು ಅಂತ?"

ಹುಡುಗಿ ತಲೆ ತಗ್ಗಿಸಿದಳು. "ಹಂಗೂ ಇಡಾಕ ಬರ್ತದ ಆಯಿ. ಮೊದಲು ಹಂಗ ಇತ್ತು. ಕೇಳಿ ಕಾಯೂತನಕ ಹಳೇ ಚಾನೆಲ್ ಹರಿತಾನ ಇರ್ತದ, ಹೊಸದು ತಡಾ ಆಗ್ತದ, ಜನ ಫೋನ್ ಮಾಡಿ ಬೈತಾರ. ಅದಕ್ಕ ಈಗೀಗ ಕೇಳದ ಕಡಿಯೂಹಂಗ ಇಟ್ಟೀವಿ. ನಾನ ಇಟ್ಟೀನಿ ಈ ಓಣಿದು."

ನನಗೆ ಗೋದಾಮಿನ ಕಂದೀಲು ಕಣ್ಣಿಗೆ ಬಂತು. ಮಾಸ್ತರಿಗೆ ಕಡೆಯ ಬಸ್ಸಿನ ಅವಸರ ಇರುತ್ತಿತ್ತು. ಆದರೂ ಕಂದೀಲಿನ ಬತ್ತಿ ಇಳಿಸುವ ಮೊದಲು ಅವರು ಸುತ್ತಲೂ ನೋಡಿ, "ಇನ್ನೂ ಯಾರಿಗರೆ ಬರಿಯೂದು ಅದ ಏನ್ರವ್ವಾ?" ಎಂದು ಕೇಳುತ್ತಿದ್ದರು. ಒಂದು ಕೈ ಮೇಲಿದ್ದರೂ ಸಾಕು, ತಿರುಗಿ ಕೂರುತ್ತಿದ್ದರು. ನನ್ನ ಕೂಸು ಅತ್ತಿತೆಂದು ನಾನು ಎದ್ದರೆ, ನಮ್ಮ ಪಾಟಿಯನ್ನು ಎತ್ತಿಡುತ್ತಿರಲಿಲ್ಲ. ಹಜಿರಾಳ ಕಡೆ ಬಗ್ಗಿ, "ನಿಮ್ಮದು ಆತೇನ್ರಿ?" ಎಂದು ಕೇಳುತ್ತಿದ್ದರು. ಅವಳದು ಎಂದೂ ಆಗಿರುತ್ತಿರಲಿಲ್ಲ. ಅವಳ ಹೆಸರಿನ ಹ ಅವಳಿಗೆ ಬಹಳ ದಿನ ಕಾಟ ಕೊಟ್ಟಿತು.

"ಈಗ ಹಳೇಹಂಗ ಮಾಡವಾ ಮತ್ತ," ಎಂದೆ.

"ಅದರ ಪಾಸ್‌ವರ್ಡ್ ಕೀಲಿ ನಮ್ಮ ಆಫೀಸಿನ ಶೈಲೇಶ ಸರ್ ಕಡೆ ಅದ ಆಯಿ, ಅವತ್ತು ಅವರ ತೆರದ ಕೊಟ್ಟಿದ್ರು. ಅವರು ಬಸವಕಲ್ಯಾಣದಾಗ ಕ್ಯಾಮರಾ ಹೊತ್ತು ನಿಂತಾರ, ಫೋನ್ ಎತ್ತವಲ್ರು. ಹೊಸ ತಂತಿ ಎಳಿಯೂಣ ಅಂದ್ರ ಕಂಬ ಹತ್ತೂ ಹುಡುಗರೂ ಅಲ್ಲೇ ಹೋಗ್ಯಾರ. ಸಂಜಿಗಿ ಅವರು ಬಂದ ಮ್ಯಾಲ ಖರೇ ಮಾಡಸ್ತೀನಿ. ಅಲ್ಲೀತನ ನಿಮ್ಮ ಡಬ್ಬಿ ಬಂದ್ ಆಗಬಾರ್ದು, ಅಷ್ಟ."

ಸಂಜೆಗೆ ಮಾಸ್ತರು ಮಣ್ಣಿನಲ್ಲಿರುತ್ತಾರೆ.

"ಟಿವಿ ಅಷ್ಟ ಬಂದ್ ಮಾಡಿ ಡಬ್ಬಿ ಇಟ್ರ?" ಎಂದಳು ಪೂನಂ. ಆದರೆ ನಮ್ಮ ಟಿವಿಯ ಮೈಮೇಲಿನ ಗುಂಡಿ ಒಡೆದು ಎಷ್ಟೋ ಕಾಲವಾಗಿತ್ತು. ರಿಮೋಟು ಒತ್ತಿದರೆ ಟಿವಿ, ಡಬ್ಬಿ ಎರಡೂ ಒಟ್ಟಿಗೆ ಆರುತ್ತವೆ. ಪ್ಲಗ್ ಕೀಳೋಣವೆಂದರೆ ಅಜೀತ ಆ ಕವಲಿನ ಡಬ್ಬಿಯ ವೈರನ್ನೂ ಅದೇ ಪ್ಲಗ್ಗಿಗೆ ತಿರುಚಿ ಕೂಡಿಸಿದ್ದ. ಅದನ್ನು ಕಿತ್ತರೆ ಎರಡೂ ಮನೆ ಕತ್ತಲೆ.

"ಅಂದ್ರ ಹಚ್ಚೇ ಇಡಬೇಕು," ಎಂದ ತುಳಜಾರಾಮ. "ಮಾಸ್ತರನ್ನ ಎತ್ತೂವಾಗ, ಮಣ್ಣ ಕೊಡೂವಾಗ, ನಮ್ಮನ್ಯಾಗ ಟಿವಿ ನಡಿತಿರಬೇಕು. ನಡುನಡುವೆ ಅವರು ಸಾಬಾನಿನ ಜಾಹಿರಾತ್ ತೋರಸ್ತಾರ. ಅದನೂ ನೋಡಬೇಕು ನಾವು."

"ಕಾಕಾ, ಹಜಿರಾ ಖಾಲಾ ಬೆಳಿಗ್ಗಿಂದ..." ಎಂದು ಪೂನಂ ಶುರು ಮಾಡಿದಳು.

"ಗೊತ್ತದ ನನಗ! ನಾ ಮಾಸ್ತರ ಮರ್ಯಾದಿಗಂತ ಬಂದ್ ಮಾಡಿದ್ನೇ ಹೊರತು ಆಪಾಗ ತಕಲೀಫ್ ಕೊಡಬೇಕಂತೇನು?" ಅವನ ದನಿ ಒಡೆಯಿತು. ನಮ್ಮ ತುಳಜಾರಾಮನ ದನಿ ಒಡೆದದ್ದನ್ನು ನಾನು ಅವನ ಅಣ್ಣ ತೀರಿದ ದಿನ ಒಮ್ಮೆ ಕೇಳಿದ್ದೆ.

ಅವನಿಗೆ ಹೇಳಿದರೆ ಕೇಳುವುದಿಲ್ಲ, ಬಿಟ್ಟರೆ ಯೋಚನೆ ಮಾಡುತ್ತಾನೆ.

ಅವನು ರಿಮೋಟು ಒತ್ತಿದ. ಟಿವಿ ಹೊತ್ತಿಕೊಂಡಿತು. ದನಿಯನ್ನು ಪೂರ್ತಿ ಇಳಿಸಿದ. ಆಮೇಲೆ ಗೂಟದ ಮೇಲಿದ್ದ ತನ್ನ ಬಿಳಿ ಉಪರಣಿಯನ್ನು ತೆಗೆದ. ವಿಹಾರಕ್ಕೆ ಹೋಗುವಾಗ ಮಾತ್ರ ಹೊದೆಯುವಂಥದ್ದು. ಅದನ್ನು ಝಾಡಿಸಿ, ಟಿವಿಯ ಮೇಲೆ ಮುಖ ಮುಚ್ಚುವ ಹಾಗೆ ಹೊದಿಸಿದ. ಅಂಚುಗಳನ್ನು ಎಳೆದು ಸರಿಮಾಡಿದ. ಅರಿವೆಯ ಹಿಂದೆ ಬೆಳಕು ಮಸುಕಾಗಿ ಆಡುತ್ತಿತ್ತು. ಏನೂ ಕಾಣುತ್ತಿರಲಿಲ್ಲ, ಏನೂ ಕೇಳುತ್ತಿರಲಿಲ್ಲ. ಕೆಳಗೆ ಡಬ್ಬಿಯ ಹಸಿರು ದೀಪ ಉರಿಯುತ್ತಿತ್ತು.

"ಇಷ್ಟ ನಡೀತದೇನವಾ?"

"ನಡೀತದ ಕಾಕಾ," ಎಂದಳು ಆಮ್ರಪಾಲಿ. ಹೊರಡಲು ಎದ್ದವಳು ಹೋಗಲಿಲ್ಲ. ಬಾಗಿಲ ಬಳಿ ಗೋಡೆಗೆ ಒರಗಿ ಕೂತಳು.

ನಾನು ಹಜಿರಾಳ ಹತ್ತಿರ ಬರುವಷ್ಟರಲ್ಲಿ ಅವಳ ಟಿವಿಯಲ್ಲಿ ಅಂಗಳ ಮರಳಿತ್ತು. ನಡೆದದ್ದನ್ನು ಹೇಳಿದೆ. ಮೀನಾಜ ಕೇಳಿಸಿಕೊಂಡು, ಒಳಗೆ ಹೋಗಿ ಚಹಾಕ್ಕೆ ಇಟ್ಟಳು. ನಮ್ಮ ಮನೆಯಲ್ಲಿ ಒಲೆ ಹೊತ್ತಿರಲಿಲ್ಲವಲ್ಲ. ಕಂಡಿಯಲ್ಲಿ ಒಂದೊಂದೇ ಕಪ್ಪು ದಾಟಿಸಿದಳು. "ಭಾಭಿ," ಎಂದಳು ಕೊನೆಯ ಕಪ್ಪಿಗೆ. "ಹೂಂ, ಕೊಡ್ರಿ," ಎಂದಳು ಪೂನಂ.

ಅಜೀತ ಬಹಳ ತಡವಾಗಿ ಕಂಡ. ಸಾಲಿನಲ್ಲಿ ನೂಕುತ್ತ ಬಂದವನು ನೇರ ಕ್ಯಾಮರಾದ ಮುಂದೆ ನಿಂತ. ಬೆನ್ನು. ಟಿವಿ ತುಂಬ ಅವನ ಬೆನ್ನು.

"ಸರಿಯೋ ಹುಚ್ಚಪ್ಯಾಲಿ!" ಎಂದಳು ಹಜಿರಾ, ಅವನಿಗೆ ಕೇಳುತ್ತದೆ ಎನ್ನುವ ಹಾಗೆ. ಮೀನಾಜ ಬಾಯಿಗೆ ಸೆರಗು ಒತ್ತಿಕೊಂಡಳು.

ಅಲ್ಲಿ ಯಾರೋ ಅವನ ತೋಳು ಹಿಡಿದು ಎಳೆದರು. ಅವನು ಪಕ್ಕಕ್ಕೆ ಬಂದ, ಮೊಣಕಾಲೂರಿದ, ಕರವಸ್ತ್ರ ಬಿಚ್ಚಿದ. ಮಾಸ್ತರ ಮುಖ ಕಂಡಿತು. ಕನ್ನಡಕ ತೆಗೆದಿದ್ದರು; ಮೂಗಿನ ಮೇಲೆ ಅದರ ಗುರುತು ಮಾತ್ರ. ಅಜೀತ ಶೀಶೆಯ ಮುಚ್ಚಳ ತೆಗೆದು, ಬೆರಳಿಗೆ ಹಚ್ಚಿಕೊಂಡು, ಮಾಸ್ತರ ಎದೆಯ ಮೇಲಿನ ಬಿಳಿ ಅರಿವೆಗೆ ಸವರಿದ. ಆಮೇಲೆ ತಲೆ ಎತ್ತಿ, ಕ್ಯಾಮರಾ ಎಲ್ಲಿದೆಯೆಂದು ಹುಡುಕಿ, ನಮ್ಮ ಕಡೆ ನೋಡಿದ.

ಹಜಿರಾ ದಿಂಬಿನಿಂದ ಬೆನ್ನು ಎತ್ತಿದಳು. ಸೊಂಟದ ನೋವಿಗೆ ಮುಖ ಕಿವುಚಿತು. ಬಲಗೈ ಹಣೆಯ ತನಕ ತಂದಳು. "ಸಲಾಮ್ ಮಾಸ್ತರ್," ಎಂದಳು. "ಹಜಿರಾ ಬೀ ಹಾಜರ್."

ನಾನು ಅವಳ ಬೆನ್ನಿಗೆ ಕೈ ಕೊಟ್ಟು ಹಿಡಿದಿದ್ದೆ.

ಚಿತ್ರ ಒಮ್ಮೆಯೂ ನಿಲ್ಲಲಿಲ್ಲ. ಬುದ್ಧಂ ಸರಣಂ ಎಂದು ತ್ರಿಸರಣ ಹೇಳಿದರು. ಎತ್ತಿದರು. ಊರ ಹೊರಗಿನ ಹೊಲದಲ್ಲಿ ಇಳಿಸಿದರು. ಮಣ್ಣಿನ ಮೊದಲ ಹಿಡಿ ಬೀಳುವಾಗ ಗೋಡೆಯ ಆ ಕಡೆ ಖುರ್ಚಿ ಸರಿದ ಸಪ್ಪಳವಾಯಿತು. ನಮ್ಮ ಮನೆಯಲ್ಲಿ ಎಲ್ಲರೂ ಎದ್ದು ನಿಂತಿದ್ದರು, ಬಿಳಿ ಅರಿವೆ ಹೊದ್ದ ಟಿವಿಯ ಮುಂದೆ. ಅವರಿಗೆ ಏನೂ ಕಾಣುತ್ತಿರಲಿಲ್ಲ. ಯಾವಾಗ ಏಳಬೇಕೆಂದು ಮೀನಾಜ ಕಂಡಿಯಲ್ಲಿ ಹೇಳುತ್ತಿದ್ದಳು.

ಮಣ್ಣು ಗುಡ್ಡೆಯಾಯಿತು. ಮೇಣದಬತ್ತಿ ಹಚ್ಚಿಟ್ಟರು. ಜನ ಒಬ್ಬೊಬ್ಬರಾಗಿ ತಿರುಗತೊಡಗಿದರು. ಇನ್ನು ನೋಡುವುದು ಉಳಿದಿರಲಿಲ್ಲ. ಆಗ ಕಂಡಿಯಲ್ಲಿ ತುಳಜಾರಾಮನ ದನಿ ಬಂತು. ಎತ್ತರದ ಆಳು, ಬಗ್ಗಿ ಬಾಯಿ ಕೊಟ್ಟಿರಬೇಕು. ದನಿ ಅಡುಗೆಮನೆಯ ಪಾತ್ರೆಗಳ ನಡುವಿನಿಂದ ಬಂದ ಹಾಗಿತ್ತು.

"ಆಪಾ, ನಿಮ್ಮದು ಆತೇನ್ರಿ? ಬಂದ್ ಮಾಡ್ಲೇನು?"

ಹಜಿರಾ ಟಿವಿಯ ಕಡೆ ನೋಡಿದಳು. ಟಿವಿಯಲ್ಲಿ ಆ ಹೊಲದ ಬದುವಿನ ಮೇಲೆ ಇನ್ನೂ ನಾಲ್ಕಾರು ಜನ ನಿಂತಿದ್ದರು, ಹೋಗಲಾರದೆ, ನಿಲ್ಲಲಾರದೆ.

"ಇನ್ನೂ ಮಂದಿ ನಿಂತಾರ ತುಳಜಾರಾಮ," ಎಂದಳು. "ಅವರು ಹೋಗೂತನ ಇರ್ಲಿ."

"ಇರ್ಲಿ ಆಪಾ. ಸಾವಕಾಶ ನೋಡ್ರಿ."

ಖುರ್ಚಿ ಮತ್ತೆ ಸರಿದ ಸಪ್ಪಳ ಕೇಳಿತು. ಅವನು ಕೂತುಕೊಂಡ.